ಮಷೀನಿನ ಸ್ವರ, ರಮಾಮಣಿಯವರ ಸ್ವರ

ಜಾಜ್ ಅಂದರೆ ಡ್ರಮ್ ಸೆಟ್ಟಿಗೆ ಇರುವ ಹೆಸರು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಬೀದರಿನಲ್ಲಿ ಗಣಪತಿ ಹಬ್ಬಕ್ಕೆ ಬರುವ ಆರ್ಕೆಸ್ಟ್ರಾದವರು ಟೆಂಪೋದಿಂದ ಸಾಮಾನು ಇಳಿಸುವಾಗ “ಜಾಜ್ ಹುಷಾರಾಗಿ ಇಳಸ್ರಿ” ಎಂದು ಕೂಗುತ್ತಿದ್ದರು. ಅದು ಒಂದು ಸಂಗೀತದ ಹೆಸರು, ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕಪ್ಪು ಜನರ ನಡುವೆ ಹುಟ್ಟಿದ್ದು, ಬರೆದಿಟ್ಟದ್ದನ್ನು ನುಡಿಸುವುದಕ್ಕಿಂತ ನಿಂತ ಜಾಗದಲ್ಲೇ ಹುಟ್ಟಿಸಿಕೊಂಡು ನುಡಿಸುವುದೇ ಅದರ ಜೀವ ಎಂದು ತಿಳಿಯುವಷ್ಟರಲ್ಲಿ ನನಗೆ ಐವತ್ತು ದಾಟಿತ್ತು. ತಿಳಿಸಿದವನು ಬೆಂಗಳೂರಿನಲ್ಲಿ ಓದುವ ನನ್ನ ತಮ್ಮನ ಮಗ. ದೀಪಾವಳಿಗೆ ಬಂದವನು ಮೊಬೈಲನ್ನು ನನ್ನ ಕಿವಿಗೆ ಹಿಡಿದು, “ಅತ್ತಿ, ಕೇಳ್ರಿ, ಹಾಡೋರು ನಮ್ಮ ಬೆಂಗಳೂರಿನ ಹೆಣ್ಮಗಳು, ಬಾರಿಸೋರು ಜರ್ಮನಿಯವರು” ಎಂದ.

ಆ ಹೆಣ್ಣುಮಗಳು ಆರ್. ಎ. ರಮಾಮಣಿ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯ ಸ್ಥಾಪಕ, ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರ ಪತ್ನಿ. ಜರ್ಮನಿಯವರೆಂದರೆ ಮ್ಯೂನಿಕ್ ಊರಿನ ಎಂಬ್ರಿಯೋ ಎಂಬ ತಂಡ. 1969ರಲ್ಲಿ ಕ್ರಿಸ್ಟಿಯಾನ್ ಬುರ್ಕಾರ್ಡ್ ಎಂಬವರು ಕಟ್ಟಿದ್ದು. ಈ ಜನ 1970ರ ದಶಕದ ಕೊನೆಯಲ್ಲಿ ಬಸ್ಸಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಅಫಘಾನಿಸ್ತಾನದ ಮೇಲೆ ಹಾಯ್ದು ನಮ್ಮ ದೇಶಕ್ಕೆ ಬಂದರು. ದಾರಿಯಲ್ಲಿ ಸಿಕ್ಕವರ ಜೊತೆ ಕೂತು ನುಡಿಸುವುದೇ ಅವರ ಕೆಲಸ. 1980ರಲ್ಲಿ ಎಂಬ್ರಿಯೋ ಮತ್ತು ಬೆಂಗಳೂರಿನ ಈ ಕಾಲೇಜು ಜನರ ಮುಂದೆ ಕೂಡಿ ನುಡಿಸಿದ್ದು ‘ಲೈಫ್’ ಎಂಬ ರೆಕಾರ್ಡಾಗಿ ಹೊರಬಂತು.

ಇದನ್ನು ಬರೀ ಕುತೂಹಲದ ಸಂಗತಿ ಎಂದು ಬಿಡಬಹುದಿತ್ತು. ನನಗೆ ಬಿಡಲಾಗಲಿಲ್ಲ. ಅದಕ್ಕೆ ಕಾರಣ ಭಾಲ್ಕಿಯಲ್ಲಿದೆ.

ಭಾಲ್ಕಿ ನನ್ನ ತವರು. ನಮ್ಮ ದೊಡ್ಡವ್ವ ಅಲ್ಲಿ ಒಂದು ಭಜನಾ ಮಂಡಳಿಯಲ್ಲಿ ತತ್ವಪದ ಎತ್ತಿಕೊಡುತ್ತಿದ್ದಳು. ಅಕ್ಷರ ಕಲಿತವಳಲ್ಲ. ಬೀಸುಕಲ್ಲಿನ ಮುಂದೆ ಕೂತರೆ ಒಂದು ಸಾಲನ್ನು ತಾನು ಹಾಡಿ, ಎದುರಿನವಳು ಅದನ್ನು ತಿರುಗಿ ಹಾಡುವಷ್ಟರಲ್ಲಿ ಮುಂದಿನ ಸಾಲನ್ನು ಹುಟ್ಟಿಸುವಳು. ಸೀಗಿ ಹುಣ್ಣಿಮೆಯ ಹೊತ್ತಿಗೆ ಬುಲಾಯಿ ಪದಕ್ಕೆ ನಿಂತರಂತೂ ಸುತ್ತಲಿನ ಹೆಂಗಸರ ಹೆಸರು, ಅವರ ಅತ್ತೆಯಂದಿರ ಸುದ್ದಿ ಎಲ್ಲ ಹಾಡಿನೊಳಗೆ ಬಂದುಬಿಡುತ್ತಿತ್ತು. 1994ರಲ್ಲಿ ಆ ಮಂಡಳಿಗೆ ಯಾರೋ ಕ್ಯಾಸಿಯೋ ಕೀಬೋರ್ಡು, ಆಂಪ್ಲಿಫೈಯರು ತಂದರು. ಕೀಬೋರ್ಡಿನ ಹುಡುಗನಿಗೆ ಬರುತ್ತಿದ್ದುದು ಒಂದೇ ಪಟ್ಟಿ, ಅದು ಗಂಡಸರ ಸ್ವರಕ್ಕೆ ಹೊಂದುವಂಥದು. ದೊಡ್ಡವ್ವನ ಗಂಟಲು ಆ ಶ್ರುತಿಯಲ್ಲಿ ಕೆಳಗೆ ಇಳಿಯಲಾರದು, ಮೇಲೆ ಏರಲಾರದು. “ಯಕ್ಕಾ, ಮಷೀನಿನ ಸ್ವರಕ್ಕ ನೀವು ಬರ್ರಿ, ಮಷೀನ್ ನಿಮ್ಮ ಸ್ವರಕ್ಕ ಬರಂಗಿಲ್ಲ” ಅಂದರು. ಎರಡು ವಾರ ಪ್ರಯತ್ನ ಮಾಡಿದಳು. ಆಮೇಲೆ ಹಿಂದೆ ಕೂತು ಚಪ್ಪಾಳೆ ತಟ್ಟಿದಳು. ಶ್ರಾವಣ ಮುಗಿಯುವುದರೊಳಗೆ ಹೋಗುವುದನ್ನೇ ಬಿಟ್ಟಳು. ನಾನು ಆಗ ಬಿ.ಎ., ಬಿ.ಎಡ್. ಮುಗಿಸಿದ ಬುದ್ಧಿವಂತೆ. ಹೊಸದು ಬಂದಾಗ ಹಳಬರೇ ಹೊಂದಿಕೊಳ್ಳಬೇಕು ಎಂದು ಅವಳಿಗೇ ಬುದ್ಧಿ ಹೇಳಿದ್ದೆ.

ಹೀಗಾಗಿ ಕರೆಂಟಿನ ವಾದ್ಯದ ಪಕ್ಕದಲ್ಲಿ ರಮಾಮಣಿಯವರು ಹೇಗೆ ಹಾಡಿದರು ಎಂಬುದು ನನಗೆ ಬೇಕಾಗಿತ್ತು. ಜಾಜ್‌ನವರು ಹಲವು ಸ್ವರಗಳನ್ನು ಒಟ್ಟಿಗೆ ಒತ್ತಿ, ಆ ಗೊಂಚಲನ್ನು ಬದಲಾಯಿಸುತ್ತ ಹೋಗುತ್ತಾರೆ. ನಮ್ಮ ರಾಗಕ್ಕೆ ಒಂದೇ ಆಧಾರ ಸ್ವರ ಸಾಕು, ಅದು ಅಲುಗಬಾರದು. ಮೃದಂಗವನ್ನೂ ಹಾಡುವವರ ಶ್ರುತಿಗೇ ಕೂಡಿಸಿರುತ್ತಾರೆ. ಕೆಳಗಿನ ಗೊಂಚಲು ಜರುಗಿದರೆ ಮೇಲಿನ ರಾಗ ಮುರಿಯುತ್ತದೆ. ಆದ್ದರಿಂದ ಇಂಥ ಕೂಟ ನಡೆಯಬೇಕಾದರೆ ಕರೆಂಟಿನವರು ತಮ್ಮ ಅಭ್ಯಾಸ ಬಿಡಬೇಕು. ಬಾಸ್ ಗಿಟಾರು ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತ ತಂಬೂರಿಯ ಕೆಲಸಕ್ಕೆ ನಿಲ್ಲಬೇಕು. ಕೂಡುವ ಜಾಗವೆಂದರೆ ತಾಳ. ಕೊನ್ನಕ್ಕೋಲು ಎಂದು ನಮ್ಮಲ್ಲಿ ಬಾಯಲ್ಲೇ ತಾಳದ ಮಾತು ಹೇಳುವ ವಿದ್ಯೆ ಇದೆಯಲ್ಲ, ತಕಿಟ ಅಂದರೆ ಮೂರು, ತಕಧಿಮಿ ಅಂದರೆ ನಾಲ್ಕು, ಕೂಡಿಸಿದರೆ ಏಳು. ಅದಕ್ಕೆ ಭಾಷೆ ಬೇಡ. ಔರಾದದ ನನ್ನ ಶಾಲೆಯಲ್ಲಿ ಏಳನೆಯ ಇಯತ್ತೆಯ ಹುಡುಗಿಯರಿಗೆ ಇದನ್ನು ಚಪ್ಪಾಳೆಯಲ್ಲಿ ಹೇಳಿಕೊಟ್ಟೆ. ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ ಆಡುವವರೆಲ್ಲ ಒಂದೇ ಪೀರಿಯಡ್ಡಿನಲ್ಲಿ ಹಿಡಿದರು. ಪಕ್ಕದ ಕ್ಲಾಸಿನವರು ಗದ್ದಲವೆಂದು ದೂರಿದರು, ಅದು ಬೇರೆ ಮಾತು.

ಜನರ ಮುಂದಿನ ರೆಕಾರ್ಡಿಂಗ್ ಎಂದರೆ ಇನ್ನೊಂದು ಕಷ್ಟ. ಸ್ಟುಡಿಯೋದಲ್ಲಾದರೆ ತಪ್ಪಿದ್ದನ್ನು ಕತ್ತರಿಸಿ ಮತ್ತೆ ಹಾಡಬಹುದು. ಇಲ್ಲಿ ಹಾಡಿದ್ದೇ ಹಾಡು. ಘಟ, ಖಂಜಿರಗಳ ಸದ್ದು ಮೈಕಿಗೆ ಸಿಗಬೇಕಾದರೆ ಗಿಟಾರಿನವನು ಕೈ ತಗ್ಗಿಸಬೇಕು, ಇಲ್ಲವಾದರೆ ಎಲ್ಲ ಕೂಡಿ ಕಿರುಚುತ್ತದೆ. ಈ ಕಷ್ಟ ಬೇಡವೆಂದೋ ಏನೋ, ಜಾನ್ ಮೆಕ್‌ಲಾಫ್ಲಿನ್ 1975ರಲ್ಲಿ ಶಕ್ತಿ ತಂಡದ ಕಚೇರಿಗೆ ಕರೆಂಟಿನ ಗಿಟಾರು ಬಿಟ್ಟು ಬರೀ ತಂತಿಯ ಗಿಟಾರು ಹಿಡಿದರು. ಅದಕ್ಕೂ ಮೊದಲು, 1972ರಲ್ಲಿ, ಮೈಲ್ಸ್ ಡೇವಿಸ್ ‘ಆನ್ ದ ಕಾರ್ನರ್’ ರೆಕಾರ್ಡಿಗೆ ಬಾದಲ್ ರಾಯ್ ಅವರ ತಬಲಾವನ್ನು ಕರೆಂಟಿನ ವಾದ್ಯಗಳ ನಡುವೆ ಕೂರಿಸಿದ್ದರು. ನಾನು ಕೇಳಿದೆ, ತಬಲಾ ಆ ಗದ್ದಲದೊಳಗೆ ಮುಳುಗಿ ಮುಳುಗಿ ಏಳುತ್ತದೆ. ನನಗೇನೂ ಹಿಡಿಸಲಿಲ್ಲ.

ರಮಾಮಣಿಯವರು ಮುಳುಗುವುದಿಲ್ಲ. ಎಂಬ್ರಿಯೋ ಜೊತೆಗೆ ನುಡಿಸುತ್ತಿದ್ದ ಚಾರ್ಲಿ ಮಾರಿಯಾನೋ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರಿದ್ದರು. 1923ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದವರು, ಇಟಲಿಯಿಂದ ವಲಸೆ ಬಂದವರ ಮಗ. ಹೆಸರು ಮಾಡಿದ ಮೇಲೆ, ನಡುವಯಸ್ಸಿನಲ್ಲಿ, ನಮ್ಮ ನಾಗಸ್ವರ ಕಲಿಯಲು ಕೂತ ಮನುಷ್ಯ. ಅವರೂ ಈ ಕಾಲೇಜಿನವರೂ 1983ರಲ್ಲಿ ‘ಜ್ಯೋತಿ’ ಎಂಬ ರೆಕಾರ್ಡು ಮಾಡಿದರು. ಅದರಲ್ಲಿ ಕರೆಂಟಿನ ವಾದ್ಯವಿಲ್ಲ. ಮೊದಲಿಗೆ ಬರುವುದು ರಮಾಮಣಿಯವರ ದನಿ.   ಎಂಬ್ರಿಯೋದಿಂದ ಬೇರೆಯಾದವರು ಕಟ್ಟಿದ ಡಿಸಿಡೆಂಟನ್ ತಂಡದ ಜೊತೆಗೂ ಇವರು 1982ರಲ್ಲಿ ‘ಜರ್ಮನಿಸ್ತಾನ್’ ಮಾಡಿದ್ದರು. ಮಾರಿಯಾನೋ 2009ರಲ್ಲಿ, ಬುರ್ಕಾರ್ಡ್ 2018ರಲ್ಲಿ, ಮಣಿಯವರು 2020ರಲ್ಲಿ ತೀರಿಕೊಂಡರು.

ಹೋದ ಬೇಸಿಗೆ ರಜೆಯಲ್ಲಿ ಭಾಲ್ಕಿಗೆ ಹೋದಾಗ ತಮ್ಮನ ಮಗನೂ ಬಂದಿದ್ದ. ಮನೆಯಲ್ಲಿದ್ದ ಹಳೆಯ ಕೀಬೋರ್ಡನ್ನು ತೆಗೆದು ಟ್ರಾನ್ಸ್‌ಪೋಸ್ ಎಂಬ ಗುಂಡಿ ತೋರಿಸಿದ. ಅದನ್ನು ಒತ್ತಿದರೆ ಅದೇ ಪಟ್ಟಿಯಲ್ಲಿ ಬೆರಳಾಡಿಸುತ್ತಿದ್ದರೂ ಶ್ರುತಿ ಬೇಕಾದಷ್ಟು ಮೇಲೆ, ಬೇಕಾದಷ್ಟು ಕೆಳಗೆ ಹೋಗುತ್ತದೆ. ಇಂಥ ಗುಂಡಿ 1994ರ ಆ ಪೆಟ್ಟಿಗೆಯಲ್ಲೂ ಇದ್ದಿರಬೇಕು ಅಂದ. ನನಗೆ ಕೂತಲ್ಲೇ ಮುಖ ಬಾಡಿತು. ದೊಡ್ಡವ್ವನಿಗೆ ಹೇಳಿದೆ. ಎಂಬತ್ತು ದಾಟಿದೆ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು.

“ಅವತ್ತು ಯಾಕ ಒತ್ತಲಿಲ್ಲ?” ಅಂದಳು.

“ಯಾರಿಗೂ ಗೊತ್ತಿದ್ದಿಲ್ಲ ದೊಡ್ಡವ್ವ.”

“ಕೇಳಿದ್ರರ ಗೊತ್ತಾಗ್ತಿತ್ತು.”

ಮಾತು ತಪ್ಪಿಸಲೆಂದು ರಮಾಮಣಿಯವರ ಹಾಡು ಹಚ್ಚಿದೆ. ಕೊನ್ನಕ್ಕೋಲು ಬಂದಾಗ ದೊಡ್ಡವ್ವ ನಕ್ಕು, “ಈಕಿ ಬೀಸಾಕ ಕೂತಾಳೇನು?” ಅಂದಳು. ಆಮೇಲೆ ಮೊಬೈಲನ್ನು ನನ್ನ ಕೈಯಿಂದ ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ತೊಡೆಯ ಮೇಲೆ ಆಡಿಸತೊಡಗಿದಳು. ಏಳಕ್ಕೆ ಸರಿಯಾಗಿ ಬೀಳುತ್ತಿತ್ತು.