ಕಡಲಂಚಿನ ಮನೆಯ ಕ್ರಯವಿಕ್ರಯ

ಮನೆ ಕಟ್ಟಿ ನೋಡೆಂದ ನಮ್ಮ ಹಿರಿಯರು, ಕಟ್ಟಿದ ಮನೆ ಪರರ ಪಾಲಾಗಿ ಮಾರಾಟಕ್ಕೆ ಬಂದ ಮೇಲೆ ಕಟ್ಟಿದವರ ಗತಿಯೇನೆಂಬುದನ್ನು ಹೇಳದೆ ಬಿಟ್ಟರು. ಫ್ರಾನ್ಸಿನ ದಕ್ಷಿಣ ತೀರದಲ್ಲಿ, ಇಟಲಿಯ ಗಡಿಗೆ ಸಮೀಪವಾಗಿ, ರೋಕ್‌ಬ್ರೂನ್-ಕಾಪ್-ಮಾರ್ತಾಂ ಎಂಬ ಊರಿನ ಕಡಲಂಚಿನ ಬಂಡೆಗಳ ಮೇಲೆ ನಿಂತಿರುವ ಬಿಳಿಯ ಮನೆಯೊಂದರ ಚರಿತ್ರೆಯನ್ನು ತಿಳಿದವರಿಗೆ ಈ ಕೊರತೆ ಮನಸ್ಸಿಗೆ ಬಾರದಿರದು.

ಅದನ್ನು ರಚಿಸಿದವಳು, 1878ರಲ್ಲಿ ಐರ್ಲೆಂಡಿನಲ್ಲಿ ಜನಿಸಿ ಪ್ಯಾರಿಸ್ಸಿನಲ್ಲಿ ನೆಲಸಿದ ಐಲೀನ್ ಗ್ರೇ. ಜಪಾನೀ ಕುಶಲಕರ್ಮಿಯೊಬ್ಬನಿಂದ ಮೆರುಗೆಣ್ಣೆಯ ವಿದ್ಯೆಯನ್ನು (ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಹಚ್ಚುವ ಅರಗಲ್ಲ, ಮರದ ರಸದಿಂದಾಗುವುದು) ಕಲಿತು, ಪೀಠೋಪಕರಣಗಳ ರಚನೆಯಲ್ಲಿ ಹೆಸರಾಗಿದ್ದ ಆಕೆ, ವಾಸ್ತುಶಿಲ್ಪವನ್ನು ಯಾವ ಶಾಲೆಯಲ್ಲಿಯೂ ಓದದೆ, ನಲವತ್ತೆಂಟರ ವಯಸ್ಸಿನಲ್ಲಿ ಈ ಕೆಲಸಕ್ಕೆ ಕೈಹಾಕಿದಳು. 1926ರಲ್ಲಿ ತೊಡಗಿದ್ದು 1929ರಲ್ಲಿ ಮುಗಿಯಿತು. ಮನೆಗೆ ಇಟ್ಟ ಹೆಸರು ಇ-1027. ಇ ಎಂಬುದು ಐಲೀನ್, ಆಂಗ್ಲ ಅಕ್ಷರಮಾಲೆಯ ಹತ್ತನೆಯದೂ ಎರಡನೆಯದೂ ಅವಳ ಸಂಗಾತಿಯೂ ವಾಸ್ತುಪತ್ರಿಕೆಯ ಸಂಪಾದಕನೂ ಆಗಿದ್ದ ಜಾಂ ಬಾದೊವಿಚಿಯ ಹೆಸರಿನ ಮೊದಲಕ್ಷರಗಳು, ಏಳನೆಯದು ಗ್ರೇ. ಇಬ್ಬರ ಹೆಸರನ್ನು ಹೀಗೆ ಹೆಣೆದ ಪ್ರೀತಿಯು ಕಾಗದಪತ್ರದಲ್ಲಿ ಮಾತ್ರ ಒಬ್ಬನ ಹೆಸರನ್ನೇ ಉಳಿಸಿತು: ಹಣ ಅವಳದು, ಸ್ವತ್ತು ಅವನದು.

ಕಂಬಗಳ ಮೇಲೆ ಎತ್ತಿದ, ಸಮತಲವಾದ ತಾರಸಿಯ, ಕಡಲಿನ ಕಡೆಗೆ ಉದ್ದಕ್ಕೂ ತೆರೆದ ಆ ಮನೆ ದಡಕ್ಕೆ ತಗಲಿದ ಹಡಗಿನಂತಿತ್ತು; ಮೊಗಸಾಲೆಯ ಕಟಕಟೆಗೆ ಹಾಯಿಬಟ್ಟೆ ಬಿಗಿದು, ಹಡಗಿನವರ ಜೀವರಕ್ಷಕ ಬಳೆಯೊಂದನ್ನೂ ತೂಗುಹಾಕಿದ್ದರು. ಒಳಗೆ ದಿಂಬಿರುವಲ್ಲಿ ದಿಂಬೆಂದೂ ಚಪ್ಪಲಿಯಿರುವಲ್ಲಿ ಚಪ್ಪಲಿಯೆಂದೂ ಗೋಡೆಯ ಮೇಲೆಯೇ ಅಚ್ಚೊತ್ತಿದ್ದಳು. ಹಾಸಿಗೆಯಲ್ಲಿಯೇ ಬೆಳಗಿನ ಉಪಾಹಾರ ಮಾಡುವ ಅಭ್ಯಾಸವಿದ್ದ ತನ್ನ ಅಕ್ಕನಿಗಾಗಿ ಮಾಡಿದಳೆಂದು ಹೇಳುವ ಮೇಜೊಂದುಂಟು: ಉಕ್ಕಿನ ಕೊಳವೆಯ ಎರಡು ಬಳೆಗಳು, ಮೇಲಿನದರಲ್ಲಿ ದುಂಡುಗಾಜು, ಕೆಳಗಿನದು ಒಂದೆಡೆ ತೆರೆದಿದ್ದು ಮಂಚದಡಿಗೆ ಸರಿಯುತ್ತದೆ, ಸರಪಳಿಯಲ್ಲಿ ತೂಗುವ ಮೊಳೆಯನ್ನು ತೂತಿನಿಂದ ತೂತಿಗೆ ಬದಲಾಯಿಸಿದರೆ ಎತ್ತರ ಏರಿಳಿಯುತ್ತದೆ. ರೊಟ್ಟಿಯ ಚೂರು ಹಾಸಿಗೆಗೆ ಬೀಳಬಾರದೆಂಬ ತಂಗಿಯ ಕಾಳಜಿಯೇ ಇಷ್ಟೆಲ್ಲ ಯಂತ್ರಕ್ಕೆ ಮೂಲವೆಂದರೆ, ಆಧುನಿಕ ಶಿಲ್ಪವನ್ನು ಶುಷ್ಕವೆನ್ನುವವರು ಸ್ವಲ್ಪ ತಡೆದು ಮಾತನಾಡಬೇಕು.

ಕೆಲವೇ ವರ್ಷಗಳಲ್ಲಿ ಆಕೆ ಆ ಮನೆಯನ್ನು ಬಿಟ್ಟುಹೋದಳು. 1938-39ರಲ್ಲಿ, ಬಾದೊವಿಚಿಯ ಮಿತ್ರನಾದ ಲ ಕಾರ್ಬ್ಯೂಸಿಯೇ, ಮುಂದೆ ನಮ್ಮ ಚಂಡೀಗಢವನ್ನು ಯೋಜಿಸಿದ ಅದೇ ಪುರುಷ, ಅವಳ ಶುಭ್ರವಾದ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನು ಬರೆದನು. ಕರೆದ ಮನೆಯಲ್ಲಿ ಉಂಡವನು ಗೋಡೆಗೆ ಬಣ್ಣ ಬಳಿದುಹೋದಂತೆ! ಅವಳಿಗದು ಶುದ್ಧ ಧ್ವಂಸಕೃತ್ಯವೆನಿಸಿತು. ನನಗೂ ಹಾಗೆಯೇ ತೋರುತ್ತದೆ. ಯುದ್ಧಕಾಲದಲ್ಲಿ ಸೈನಿಕರ ಗುಂಡುಗಳು ಗೋಡೆಗಳನ್ನು ತೂತುಗೆಡಿಸಿದವು. 1952ರಲ್ಲಿ ಕಾರ್ಬ್ಯೂಸಿಯೇ ಮನೆಯ ಹಿಂಬದಿಯಲ್ಲಿ ಸುಮಾರು 12 ಅಡಿ ಉದ್ದಗಲದ ಮರದ ಗುಡಿಸಲೊಂದನ್ನು ಕಟ್ಟಿಸಿಕೊಂಡನು. 1965ರ ಆಗಸ್ಟ್ 27ರಂದು ಅಲ್ಲಿಯೇ ಕೆಳಗಣ ಕಡಲಲ್ಲಿ ಈಜುತ್ತಿರುವಾಗ ಪ್ರಾಣಬಿಟ್ಟನು.

1956ರಲ್ಲಿ ಬಾದೊವಿಚಿ ತೀರಿದ ಬಳಿಕ ಮನೆ ಮಾರಾಟಕ್ಕೆ ಬಂದಿತು. ತನ್ನ ಚಿತ್ರಗಳನ್ನು ಕಾಪಾಡಬಲ್ಲ ಕೊಳ್ಳುಗರನ್ನು ಹುಡುಕುವುದರಲ್ಲಿ ಕಾರ್ಬ್ಯೂಸಿಯೇ ಆಸಕ್ತಿ ವಹಿಸಿದನು. 1960ರಲ್ಲಿ ಸ್ವಿಟ್ಜರ್ಲೆಂಡಿನ ಮಹಿಳೆಯೊಬ್ಬರು ಕೊಂಡುಕೊಂಡರು. ಕಟ್ಟಿದವಳು ಪ್ಯಾರಿಸ್ಸಿನಲ್ಲಿ ಜೀವಂತವಾಗಿದ್ದಾಗಲೇ ಮನೆಯ ಬೆಲೆಯು ಮತ್ತೊಬ್ಬನ ಕುಂಚದಿಂದ ನಿರ್ಣಯವಾದುದು ವಿಚಿತ್ರ. ಆ ಚಿತ್ರಗಳೇ ಇಲ್ಲದಿದ್ದರೆ ಮನೆ ಉಳಿಯುತ್ತಿತ್ತೋ ಇಲ್ಲವೋ ಎಂಬ ಸಂಶಯ ಅದಕ್ಕಿಂತ ಕಹಿಯಾದುದು. ಆ ಸ್ವಿಸ್ ಮಹಿಳೆಯ ತರುವಾಯ ಬಂದ ಒಡೆಯನ ಕಾಲದಲ್ಲಿ ಪೀಠೋಪಕರಣಗಳು ಮಾರಿಹೋದವು. 1996ರಲ್ಲಿ ಅವನು ಆ ಮನೆಯಲ್ಲಿಯೇ ಕೊಲೆಯಾದನು. ಆಮೇಲೆ ಅಲೆಮಾರಿಗಳು ಹೊಕ್ಕು, ಕಿಟಕಿಬಾಗಿಲು ಮುರಿದು, ಮನೆ ಹಾಳುಬಿದ್ದಿತು.

ಐಲೀನ್ ಗ್ರೇ 98ರ ವಯಸ್ಸಿನಲ್ಲಿ, 1976ರಲ್ಲಿ, ತೀರಿಕೊಂಡಳು. 2009ರಲ್ಲಿ ಅವಳ ಕೈಯ ಒಂದೇ ಒಂದು ಕುರ್ಚಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 2.19 ಕೋಟಿ ಯೂರೋಗಳಿಗೆ ಹೋಯಿತು. ಮನೆಯನ್ನು 1999ರಲ್ಲಿಯೇ ಫ್ರಾನ್ಸಿನ ಕರಾವಳಿ ಸಂರಕ್ಷಣ ಸಂಸ್ಥೆ ಕೊಂಡಿದ್ದಿತು. ದೀರ್ಘವಾದ ಜೀರ್ಣೋದ್ಧಾರ 2021ರಲ್ಲಿ ಮುಗಿದಿದೆ. ಅದಿನ್ನು ಮಾರಾಟಕ್ಕಿಲ್ಲ, ನೋಡಬೇಕೆನ್ನುವವರು ಮುಂಗಡವಾಗಿ ಚೀಟಿ ಪಡೆದು, ಊರಿನ ರೈಲುನಿಲ್ದಾಣದಿಂದ ಕಡಲದಂಡೆಯ ಕಾಲುದಾರಿ ಹಿಡಿದು ನಡೆದೇ ಹೋಗತಕ್ಕದ್ದು.