ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆಯೇ?

‘ಒಮ್ಮೆ ಕ್ಲೀನ್ ಮಾಡಿಸಿದರೆ ಹಲ್ಲು ಅಲುಗಾಡಲು ಶುರು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ತಪ್ಪು. ಹಲ್ಲಿಗೆ ಅಂಟಿದ ಕೊಳೆ ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದೇ ಟಾರ್ಟರ್, ಬ್ರಷ್‌ಗೆ ಜಗ್ಗುವುದಿಲ್ಲ. ಅದು ಒಸಡಿನ ಕೆಳಗೆ ಸೇರಿ, ಹಲ್ಲು ಹಿಡಿದ ಮೂಳೆ ಕರಗಿದ್ದರೆ ಹಲ್ಲು ಆಗಲೇ ಸಡಿಲವಾಗಿರುತ್ತದೆ. ಸಂದಿ ತುಂಬಿದ್ದ ಟಾರ್ಟರ್ ಹೋದಾಗ ನಮಗೆ ಗೊತ್ತಾಗುತ್ತದೆ, ಅಷ್ಟೇ. ಕೆಲವು ದಿನ ತಣ್ಣೀರು ಕುಡಿದರೆ ಜುಂ ಅನ್ನಬಹುದು.

ಹಾಗಂತ ಎಲ್ಲರಿಗೂ ಆರು ತಿಂಗಳಿಗೊಮ್ಮೆ ಬೇಕೇ? ತೀವ್ರ ಒಸಡು ರೋಗವಿಲ್ಲದ ವಯಸ್ಕರಿಗೆ ಅದರಿಂದ ಹೆಚ್ಚೇನೂ ವ್ಯತ್ಯಾಸವಾಗದು ಎಂದಿತು 2018ರ ಕೋಕ್ರೇನ್ ವಿಮರ್ಶೆ. ಆದರೆ ಒಸಡಿನಲ್ಲಿ ರಕ್ತ ಬರುವವರು, ಸಕ್ಕರೆ ಕಾಯಿಲೆಯವರು, ತಂಬಾಕು ಸೇವಿಸುವವರು ಮುಂದೂಡಬೇಡಿ. ಎಷ್ಟು ತಿಂಗಳಿಗೊಮ್ಮೆ ಎಂದು ದಂತವೈದ್ಯರನ್ನೇ ಕೇಳಿ. ಜ್ಞಾನಭಾರತಿಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಹತ್ತಿರ.