ಹೆಬ್ಬಾಳದ ಕಲ್ಲು, ಮೈಸೂರಿನ ಪುಸ್ತಕ

ನಮ್ಮ ಅಕ್ಕನ ಮಗ ಕಳೆದ ತಿಂಗಳು ಆರ್.ಟಿ. ನಗರದ ನಮ್ಮ ಮನೆಗೆ ಬಂದಿದ್ದ. ಪದವಿ ಮುಗಿಸಿದ್ದಾನೆ. ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ. ಮನೆಯವರಿಗೆ ಅದು ಹಿಡಿಸಿಲ್ಲ. ಕೆಲಸ ಸಿಗುವುದಿಲ್ಲವೆಂಬುದು ಹಿರಿಯರ ವಾದ. ಅವನ ಅಳುಕು ಬೇರೆಯೇ ಇತ್ತು. “ಮಾಮೂ, ನನ್ನ ಹೆಸರು ನೋಡಿದವರೆಲ್ಲ ಟಿಪ್ಪು ಬಗ್ಗೆ ಬರೀತೀಯಾ ಅಂತಾನೇ ಕೇಳ್ತಾರೆ. ಬೇರೆ ಏನಾದ್ರೂ ಬರೆದ್ರೆ ನನ್ನ ಮಾತು ಯಾರು ಕೇಳ್ತಾರೆ?” ಎಂದ.

ನಾವು ಉತ್ತರಿಸಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಹೆಬ್ಬಾಳಕ್ಕೆ ಕರೆದೊಯ್ದೆವು.

ಹೆಬ್ಬಾಳವೆಂದರೆ ಇಂದಿನವರಿಗೆ ಮೇಲ್ಸೇತುವೆ, ವಾಹನಗಳ ಸಾಲು, ವಿಮಾನ ತಪ್ಪೀತೆಂಬ ಆತಂಕ. ಆದರೆ 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದ್ದೆಂದು ಶಾಸನತಜ್ಞರು ಹೇಳುತ್ತಾರೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ಅದನ್ನು ಗುರುತಿಸಲಾಗಿದೆ. ರಟ್ಟವಾಡಿಯವರು ದಾಳಿಯಿಟ್ಟಾಗ ಹೋರಾಡಿ ಮಡಿದ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ‘ಪೆರ್ಬೊಳಲನಾಡು ಮೂವತ್ತು’ ಎಂಬ ಆಡಳಿತ ವಿಭಾಗದ ಹೆಸರೂ ಅದರಲ್ಲಿದೆ. ಪೆರ್ಬೊಳಲೇ ಸವೆದು ಸವೆದು ಹೆಬ್ಬಾಳವಾಯಿತು. ಅಂದರೆ ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಸುಮಾರು ಎಂಟು ನೂರು ವರ್ಷ ಮೊದಲೇ ಇಲ್ಲಿ ಊರಿತ್ತು, ಕನ್ನಡವಿತ್ತು, ಊರಿಗಾಗಿ ಪ್ರಾಣ ಕೊಡುವವರಿದ್ದರು.

ಈ ಕಲ್ಲನ್ನು ಪತ್ತೆ ಹಚ್ಚಿದವರು ಶಾಸನಗಳನ್ನು ಹುಡುಕಿ ತಿರುಗುವ ಹವ್ಯಾಸಿ ನಾಗರಿಕರು. ಅವರ ಕೆಲಸ ಮೆಚ್ಚಬೇಕಾದ್ದೇ. ಆದರೆ ಕಲ್ಲು ಸಿಕ್ಕಮಾತ್ರಕ್ಕೆ ಇತಿಹಾಸವಾಗುವುದಿಲ್ಲ. ಅಕ್ಷರದ ರೂಪ ನೋಡಿ ಕಾಲ ಗುರುತಿಸಬೇಕು. ದೊರೆಯ ಹೆಸರನ್ನು ತಾಮ್ರಪಟಗಳೊಂದಿಗೆ ತಾಳೆ ನೋಡಬೇಕು. ದಾಳಿಯಿಟ್ಟವರು ಯಾರು, ಏಕೆ ಬಂದರು ಎಂದು ಕೇಳಬೇಕು. ಅದಕ್ಕೆ ಗಂಗರ ಇತಿಹಾಸ ಮೊದಲೇ ಸಿದ್ಧವಾಗಿರಬೇಕು. ಅದನ್ನು ಸಿದ್ಧಪಡಿಸಿದವರು ಯಾರು?

ಹುಡುಗ ಈ ಪ್ರಶ್ನೆ ಕೇಳಲೆಂದೇ ನಾವು ಕಾದಿದ್ದೆವು. ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ‘ಹಿಸ್ಟರಿ ಆಫ್ ದಿ ವೆಸ್ಟರ್ನ್ ಗಂಗಾಸ್’ ಎಂಬ ಗ್ರಂಥ ಪ್ರಕಟಿಸಿತು. ಬರೆದವರು ಅಲ್ಲಿನ ಇತಿಹಾಸ ಪ್ರಾಧ್ಯಾಪಕರಾಗಿದ್ದ ಬಿ. ಶೇಖ್ ಅಲಿ.

ಹೈದರ್ ಅಲಿ ಮತ್ತು ಬ್ರಿಟಿಷರ ಸಂಬಂಧದ ಬಗ್ಗೆಯೂ ಟಿಪ್ಪುವಿನ ರಾಜತಾಂತ್ರಿಕತೆಯ ಬಗ್ಗೆಯೂ ಶೇಖ್ ಅಲಿ ಬರೆದಿದ್ದಾರೆ. ಜನರಿಗೆ ಅವರು ನೆನಪಿರುವುದು ಬಹುಮಟ್ಟಿಗೆ ಅದರಿಂದಲೇ. ಆದರೆ ಜೈನ ಬಸದಿಗಳಿಗೂ ಅಗ್ರಹಾರಗಳಿಗೂ ದಾನ ಕೊಟ್ಟ ಗಂಗರ ಚರಿತ್ರೆಯನ್ನು ಬರೆಯುವಾಗ ಅವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ವಿಶ್ವವಿದ್ಯಾನಿಲಯವೂ ಅವರ ಹೆಸರು ನೋಡಿ ಹಿಂಜರಿಯಲಿಲ್ಲ. ಮುಂದೆ ಮಂಗಳೂರು ಮತ್ತು ಗೋವಾ ವಿಶ್ವವಿದ್ಯಾನಿಲಯಗಳ ಮೊದಲ ಕುಲಪತಿಯಾದರು. 2022ರಲ್ಲಿ, ತುಂಬು ವಯಸ್ಸಿನಲ್ಲಿ ತೀರಿಕೊಂಡರು.

ಆ ವಿಭಾಗದ ಪರಂಪರೆಯೂ ಅಂಥದ್ದೇ. ಅಲ್ಲಿ ಇತಿಹಾಸ ಕಲಿಸುತ್ತಲೇ ಪುರಾತತ್ವ ಇಲಾಖೆಯನ್ನೂ ನಡೆಸಿದ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಹಲ್ಮಿಡಿ ಶಾಸನವನ್ನು ಲೋಕಕ್ಕೆ ಪರಿಚಯಿಸಿದರು. ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಉತ್ಖನನ ಮಾಡಿದರು. ಪಾಠ ಹೇಳುವುದು, ನೆಲ ಅಗೆಯುವುದು, ಪುಸ್ತಕ ಬರೆಯುವುದು ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ಗಂಗರ ಚರಿತ್ರೆಯನ್ನು ಬಲ್ಲವನಿಗೆ ಹೆಬ್ಬಾಳದ ಕಲ್ಲು ಬೇರೆಯದೇ ಕಥೆ ಹೇಳುತ್ತದೆ. ಶ್ರೀಪುರುಷ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದವನು. ಅವನ ರಾಜಧಾನಿ ಮಣ್ಣೆ, ಇಲ್ಲೇ ನೆಲಮಂಗಲ ತಾಲೂಕಿನಲ್ಲಿದೆ. ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ 768ರ ಸುಮಾರಿಗೆ ಅದೇ ಮಣ್ಣೆಯಲ್ಲಿ ಬೀಡುಬಿಟ್ಟಿದ್ದ. ತಾಮ್ರಪಟಗಳಲ್ಲಿ ಇದು ದೊರೆಗಳ ಜಯಾಪಜಯದ ಮಾತು. ಹೆಬ್ಬಾಳದ ಕಲ್ಲಿನಲ್ಲಿ ಅಂಥ ಕಾಲದ ಕದನವೊಂದು ಒಂದು ಮನೆಯ ಸಾವು. ಪುಸ್ತಕವಿಲ್ಲದೆ ಕಲ್ಲು ಮೂಕ. ಕಲ್ಲಿಲ್ಲದೆ ಪುಸ್ತಕ ಬರೀ ಅರಸರ ಪಟ್ಟಿ.

ಒಂದು ಮಾತನ್ನು ನಾಚಿಕೆಯಿಂದಲೇ ಹೇಳಬೇಕು. ನಾವು ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಕಲಿತವರು. ಆದರೂ ಆ ಕಲ್ಲಿನ ಮುಂದೆ ಒಂದು ಸಾಲನ್ನೂ ಓದಲಾಗಲಿಲ್ಲ. ಕಿರ್ಮಾನಿಯ ‘ನಿಶಾನೆ ಹೈದರಿ’ಯ ಪಾರಸಿಯೂ ನಮ್ಮ ಕೈಗೆ ಸಿಗದು. ಲಿಪಿ ಗೊತ್ತು, ಭಾಷೆ ಗೊತ್ತಿಲ್ಲ. ಈ ನಾಡಿನ ಗತಕಾಲ ಹಳಗನ್ನಡದಲ್ಲಿಯೂ ಇದೆ, ಪಾರಸಿಯಲ್ಲಿಯೂ ಇದೆ. ಎರಡನ್ನೂ ಬಲ್ಲವರು ತಯಾರಾಗದಿದ್ದರೆ ಅರ್ಧ ಓದಿದವರು ಕೂಗಾಡುತ್ತಾರೆ, ಏನೂ ಓದದವರು ತೀರ್ಪು ಕೊಡುತ್ತಾರೆ. ಇತಿಹಾಸವನ್ನು ‘ನಿಮ್ಮದು’, ‘ನಮ್ಮದು’ ಎಂದು ಪಾಲು ಹಾಕಿಕೊಂಡಾಗ ಆಗುವುದು ಅದೇ. ಟಿಪ್ಪುವನ್ನು ನಮಗೆ ಬಿಟ್ಟುಕೊಟ್ಟು ಕಿತ್ತಯ್ಯನನ್ನು ಬೇರೆಯವರು ಇಟ್ಟುಕೊಂಡರೆ ಇಬ್ಬರಿಗೂ ನಷ್ಟ. ಹೆಬ್ಬಾಳದ ಸಂತೆಯಲ್ಲಿ ತರಕಾರಿ ಕೊಳ್ಳುವ ನಮಗೆ ಕಿತ್ತಯ್ಯ ಪರಕೀಯನಾಗುವುದು ಹೇಗೆ?

ಹಿಂದಿರುಗುವಾಗ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಗಂಗಾನಗರ ದಾಟಿದ ಮೇಲೆ, “ಮಾಮೂ, ಹಳಗನ್ನಡ ಎಲ್ಲಿ ಕಲಿಸ್ತಾರೆ?” ಎಂದ. ಅವನಮ್ಮನನ್ನು ಒಪ್ಪಿಸುವ ಕೆಲಸ ಈಗ ನಮ್ಮದು.